ಡಬ್ಬದ ಮೇಲಿನ ವಾಟ್, ಮೀಟರಿನ ಯೂನಿಟ್

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕಬೇಕು ಅಂದರೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನ ಚಿಪ್, ಎಎಂಡಿಯಲ್ಲಿ ರೈಝನ್ 2000 ಸರಣಿ, ಇಲ್ಲಾಂದ್ರೆ ಅದಕ್ಕಿಂತ ಹೊಸದು ಇರಬೇಕು. ಹತ್ತು ವರ್ಷ ದುಡಿದ ಡೆಸ್ಕ್‌ಟಾಪ್‌ಗಳು ಒಮ್ಮೆಲೇ ಹಳತಾದವು. ಶಿರಸಿಯ ಸೊಸೈಟಿ ಕಚೇರಿ ಇರಲಿ, ಕುಮಟಾದ ಝೆರಾಕ್ಸ್ ಅಂಗಡಿ ಇರಲಿ, ಕಾರವಾರದ ಸೈಬರ್ ಸೆಂಟರ್ ಇರಲಿ, ಎಲ್ಲರ ಮುಂದೆಯೂ ಈಗ ಒಂದೇ ಪ್ರಶ್ನೆ. ಯಾವ ಪ್ರೊಸೆಸರ್ ತಗೊಳ್ಳೋದು?

ಸಾಮಾನ್ಯವಾಗಿ ಮಾತು ಐ3, ಐ5, ಐ7ರಲ್ಲೇ ಮುಗಿಯುತ್ತದೆ. ಸ್ವಲ್ಪ ತಿಳಿದವರು ಎಷ್ಟು ಕೋರ್ (ಚಿಪ್‌ನ ಒಳಗೆ ಲೆಕ್ಕ ಮಾಡುವ ಘಟಕ), ಎಷ್ಟು ಗಿಗಾಹರ್ಟ್ಸ್ (ಅದರ ವೇಗ) ಅಂತ ಕೇಳುತ್ತಾರೆ. ಇದು ಎಷ್ಟು ಕರೆಂಟ್ ತಿನ್ನುತ್ತದೆ ಅಂತ ಕೇಳುವವರು ಬಹಳ ಕಡಿಮೆ. ಬೆಂಗಳೂರಿನಲ್ಲಿ ಕೇಳದಿದ್ದರೂ ನಡೆದೀತು. ಉತ್ತರ ಕನ್ನಡದಲ್ಲಿ ಕೇಳಲೇಬೇಕು ಅನ್ನುವುದು ನನ್ನ ವಾದ.

ನಮ್ಮ ಜಿಲ್ಲೆಯ ಕಥೆಯೇ ವಿಚಿತ್ರ. ಕಾಳಿ ನದಿಗೆ ಸೂಪಾ ಅಣೆಕಟ್ಟೆ ಕಟ್ಟಿ, ನಾಗಝರಿ, ಕೊಡಸಳ್ಳಿ, ಕದ್ರಾಗಳಲ್ಲಿ ವಿದ್ಯುತ್ ತೆಗೆಯುತ್ತಾರೆ. ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಅಣು ಘಟಕಗಳಿವೆ. ಅದರ ಮೊದಲ ಘಟಕ 962 ದಿನ ಒಂದು ಸಲವೂ ನಿಲ್ಲದೆ ಓಡಿ 2018ರಲ್ಲಿ ವಿಶ್ವದಾಖಲೆ ಮಾಡಿತು. ಜುಲೈ ಮಳೆಯಲ್ಲಿ ಸಿದ್ದಾಪುರದ ಒಳಹಳ್ಳಿಯ ಮನೆಯಲ್ಲಿ 962 ನಿಮಿಷ ಸತತವಾಗಿ ಕರೆಂಟ್ ಇದ್ದರೆ ಅದೂ ದಾಖಲೆಯೇ. ಯಾರನ್ನೂ ಬೈದು ಪ್ರಯೋಜನ ಇಲ್ಲ. ಲೈನು ಕಾಡಿನೊಳಗೆ ಹೋಗಿದೆ, ಗಾಳಿಗೆ ಮರ ಬೀಳುತ್ತದೆ, ಲೈನ್‌ಮನ್ ಮಳೆಯಲ್ಲೇ ನಡೆದು ಹೋಗಿ ಹುಡುಕಬೇಕು. ಅಲ್ಲಿಯವರೆಗೆ ಕಂಪ್ಯೂಟರ್ ಓಡುವುದು ಬ್ಯಾಟರಿಯಲ್ಲಿ. ಹಾಗಾಗಿ ಪ್ರೊಸೆಸರ್ ತಿನ್ನುವ ಒಂದೊಂದು ವಾಟ್ ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಡಬ್ಬದ ಮೇಲೆ ಬರೆದಿರುವ ವಾಟ್ ನೋಡಿದರೆ ಸಾಕಲ್ವಾ ಅಂತ ಕೇಳಬಹುದು. ಸಾಲದು. ಅದೇ ಮೊದಲ ತೊಡಕು.

ಇಂಟೆಲ್ ಕೋರ್ ಐ5-12400 ಚಿಪ್‌ನ ಮೇಲೆ 65 ವಾಟ್ ಅಂತ ಇರುತ್ತದೆ. ಅದು ಬೇಸ್ ಪವರ್, ಅಂದರೆ ಮಾಮೂಲಿ ವೇಗದಲ್ಲಿ ಓಡುವಾಗಿನ ಲೆಕ್ಕ. ಕೆಲಸ ಬಿದ್ದಾಗ ಅದೇ ಚಿಪ್ 117 ವಾಟ್‌ವರೆಗೆ ಹೋಗಬಹುದು ಅಂತ ಇಂಟೆಲ್ಲೇ ತನ್ನ ವಿವರಗಳಲ್ಲಿ ಹೇಳುತ್ತದೆ. ಐ5-14400ಕ್ಕೂ ಬೇಸ್ 65 ವಾಟೇ, ಆದರೆ ಮೇಲಿನ ಮಿತಿ 148. ಐ9-14900ಕೆ ಅಂದರೆ 125 ವಾಟ್ ಅಂತ ಶುರುವಾಗಿ 253ಕ್ಕೆ ಮುಟ್ಟುತ್ತದೆ. ಎಎಂಡಿಯದ್ದು ಇನ್ನೊಂದು ಲೆಕ್ಕ. ಅವರು ಡಬ್ಬದ ಮೇಲೆ ಹೇಳುವ ವಾಟ್, ಅಂದರೆ ಟಿಡಿಪಿಯನ್ನು 1.35ರಿಂದ ಗುಣಿಸಿದರೆ ಚಿಪ್ ಕೂರುವ ಸಾಕೆಟ್‌ಗೆ ಹೋಗುವ ನಿಜವಾದ ಮಿತಿ ಸಿಗುತ್ತದೆ. 65 ವಾಟ್‌ನ ರೈಝನ್ 5 7600ಕ್ಕೆ 88 ವಾಟ್, 170 ವಾಟ್‌ನ ರೈಝನ್ 9 7950ಎಕ್ಸ್‌ಗೆ 230 ವಾಟ್. ಅಂದರೆ ಇಬ್ಬರ ಡಬ್ಬದ ಮೇಲೂ 65 ಅಂತ ಇದ್ದರೂ ಒಂದು 88ಕ್ಕೆ ನಿಲ್ಲುತ್ತದೆ, ಇನ್ನೊಂದು 148ಕ್ಕೆ ಹೋಗುತ್ತದೆ.

ಇದರ ಮೇಲೆ ಮದರ್‌ಬೋರ್ಡ್‌ನವರ ಕೈವಾಡ ಬೇರೆ. ವೇಗ ಅಳೆಯುವ ಬೆಂಚ್‌ಮಾರ್ಕ್ ಪರೀಕ್ಷೆಯಲ್ಲಿ ತಮ್ಮ ಬೋರ್ಡ್ ಮುಂದೆ ಕಾಣಲಿ ಅಂತ ಎಷ್ಟೋ ಬೋರ್ಡ್‌ಗಳು ಇಂಟೆಲ್ ಹೇಳಿದ ಮಿತಿಯನ್ನೇ ತೆಗೆದುಹಾಕಿ ಬರುತ್ತಿದ್ದವು. ಎಷ್ಟು ಬೇಕೋ ಅಷ್ಟು ಎಳೆದುಕೋ ಅಂತ ಚಿಪ್‌ಗೆ ಬಿಟ್ಟುಬಿಡುವುದು. ಕೊಂಡವರಿಗೆ ಇದು ಗೊತ್ತೇ ಇರುವುದಿಲ್ಲ.

ಇಷ್ಟು ವಾಟ್ ಎಳೆದು ಚಿಪ್ ಏನು ಗಳಿಸುತ್ತದೆ? ತುಂಬಾ ಕಡಿಮೆ. ಕಾರಣ ಸರಳ. ಚಿಪ್‌ನ ಒಳಗಿನ ಸ್ವಿಚ್‌ಗಳು ಆನ್ ಆಫ್ ಆಗುವಾಗ ಖರ್ಚಾಗುವ ಶಕ್ತಿ ಗಿಗಾಹರ್ಟ್ಸ್ ಏರಿದ ಹಾಗೆ ಏರುತ್ತದೆ. ಆದರೆ ವೋಲ್ಟೇಜ್‌ಗೆ ಅದು ವರ್ಗದ ಲೆಕ್ಕದಲ್ಲಿ ಏರುತ್ತದೆ. ಗಿಗಾಹರ್ಟ್ಸ್ ಜಾಸ್ತಿ ಮಾಡಬೇಕಾದರೆ ವೋಲ್ಟೇಜನ್ನೂ ಜಾಸ್ತಿ ಮಾಡಲೇಬೇಕು. ಎರಡೂ ಸೇರಿದರೆ ಕೊನೆಯ ಸ್ವಲ್ಪ ವೇಗಕ್ಕೆ ಸಿಕ್ಕಾಪಟ್ಟೆ ಕರೆಂಟ್ ಸುರಿಯಬೇಕಾಗುತ್ತದೆ. ತುಂಬಿದ ಗಾಡಿಯಲ್ಲಿ ದೇವಿಮನೆ ಘಾಟಿ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದವನು ಶಿರಸಿಗೆ ಐದು ನಿಮಿಷ ಮೊದಲು ಮುಟ್ಟುತ್ತಾನೆ, ಡೀಸೆಲ್ ಮುಳ್ಳು ಮಾತ್ರ ಕೆಳಗೆ ಇಳಿದಿರುತ್ತದೆ.

ಇದಕ್ಕೆ ಒಳ್ಳೆಯ ಪುರಾವೆ ಇಂಟೆಲ್‌ನಿಂದಲೇ ಸಿಗುತ್ತದೆ. 2022ರಲ್ಲಿ ಐ9-13900ಕೆ ಚಿಪ್ ಬಿಡುಗಡೆ ಮಾಡುವಾಗ ಅವರು ಒಂದು ಹೋಲಿಕೆ ತೋರಿಸಿದರು. ಹೊಸ ಚಿಪ್‌ಗೆ ಬರೀ 65 ವಾಟ್ ಕೊಟ್ಟರೂ, ಹಿಂದಿನ 12900ಕೆ 241 ವಾಟ್‌ನಲ್ಲಿ ಮಾಡುತ್ತಿದ್ದ ಬಹುಕೋರ್ ಕೆಲಸವನ್ನು ಅದು ಮಾಡುತ್ತದೆ ಅಂತ. ಕಂಪನಿಯ ಮಾತು, ಸ್ವಲ್ಪ ಕಡಿಮೆ ಮಾಡಿಯೇ ಕೇಳೋಣ. ಹಾಗಿದ್ದರೂ ತಮಾಷೆ ನೋಡಿ. ಅಷ್ಟು ಮಿತವ್ಯಯದ ಚಿಪ್ ಮಾಡಿಯೂ ಅದನ್ನು ಮಾರಿದ್ದು 253 ವಾಟ್‌ನ ಮಿತಿ ಇಟ್ಟು! ವಿಮರ್ಶೆಗಳ ಪಟ್ಟಿಯಲ್ಲಿ ಎಎಂಡಿಗಿಂತ ಒಂದು ಗೆರೆ ಮೇಲೆ ಬರಬೇಕಿತ್ತಲ್ಲ.

ಆ ಹಠಕ್ಕೆ ಬೆಲೆಯೂ ತೆರಬೇಕಾಯಿತು. 13 ಮತ್ತು 14ನೇ ತಲೆಮಾರಿನ ದೊಡ್ಡ ಚಿಪ್‌ಗಳು ಕೆಲವರಲ್ಲಿ ಕಾರಣವಿಲ್ಲದೆ ಹ್ಯಾಂಗ್ ಆಗತೊಡಗಿದವು. ಚಿಪ್ ಅಗತ್ಯಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳಿ ಪಡೆಯುತ್ತಿದೆ, ಅದರಿಂದ ಒಳಗಿನ ಒಂದು ಭಾಗ ನಿಧಾನಕ್ಕೆ ಹಾಳಾಗುತ್ತಿದೆ ಅಂತ 2024ರಲ್ಲಿ ಇಂಟೆಲ್ ಒಪ್ಪಿಕೊಂಡಿತು. ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಚಿಪ್‌ನ ಒಳಗಿನ ತಂತ್ರಾಂಶಕ್ಕೆ, ಅಂದರೆ ಮೈಕ್ರೋಕೋಡ್‌ಗೆ, ತಿದ್ದುಪಡಿ ಬಂತು. ವಾರಂಟಿಯನ್ನೂ ಎರಡು ವರ್ಷ ಮುಂದಕ್ಕೆ ಹಾಕಿದರು. ಈ ತಲೆಮಾರಿನ ಐ7, ಐ9 ಚಿಪ್ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕರೆ ಎರಡು ಸಲ ಯೋಚಿಸಿ. ಬೋರ್ಡಿನ ತಂತ್ರಾಂಶವಾದ ಬಯೋಸ್ ಹೊಸದು ಮಾಡಿ ಆ ತಿದ್ದುಪಡಿ ಹಾಕಬಹುದು, ಆಗಲೇ ಸವೆದ ಚಿಪ್ ಮೊದಲಿನಂತೆ ಆಗುವುದಿಲ್ಲ.

ಇಂಥ ಪಾಠ ಇಂಟೆಲ್‌ಗೆ ಹೊಸತೇನಲ್ಲ. 2004ರ ಸುಮಾರಿಗೆ ಪೆಂಟಿಯಂ 4 ಗಿಗಾಹರ್ಟ್ಸ್ ಬೆನ್ನು ಹತ್ತಿ 115 ವಾಟ್‌ಗೆ ಏರಿತ್ತು. ಮುಂದಿನ ಚಿಪ್‌ನ ಯೋಜನೆಯನ್ನೇ ಕೈಬಿಡಬೇಕಾಯಿತು. 2006ರಲ್ಲಿ ಬಂದ ಕೋರ್ 2 ಡ್ಯುಯೋ ಗಿಗಾಹರ್ಟ್ಸ್ ಇಳಿಸಿ, 65 ವಾಟ್‌ನಲ್ಲಿ ಅದಕ್ಕಿಂತ ಜಾಸ್ತಿ ಕೆಲಸ ಮಾಡಿತು. 2024ರ ಕೋರ್ ಅಲ್ಟ್ರಾ 200 ಸರಣಿಯಲ್ಲೂ ಇದೇ ದಾರಿ ಕಾಣುತ್ತದೆ. ಕೋರ್‌ಗಳಿರುವ ಮುಖ್ಯ ತುಂಡನ್ನು ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿಯಿಂದ ಮಾಡಿಸಿದರು. ಒಂದೇ ಕೋರ್‌ನಿಂದ ಎರಡು ಕೆಲಸ ಒಟ್ಟಿಗೆ ಮಾಡಿಸುವ ಹೈಪರ್‌ಥ್ರೆಡಿಂಗ್ ತೆಗೆದರು. ಕರೆಂಟ್ ಇಳಿಯಿತು. ಆಟಗಳಲ್ಲಿ ಮಾತ್ರ ಹಿಂದಿನ ತಲೆಮಾರನ್ನು ದಾಟಲಿಲ್ಲ, ಎಷ್ಟೋ ಕಡೆ ಹಿಂದೆಯೇ ಬಿತ್ತು.

ಆಟದ ಮಾತು ಬಂತಲ್ಲ, ಅಲ್ಲಿ ಎಎಂಡಿಯದ್ದು ನಿಜಕ್ಕೂ ಜಾಣತನ. 2023ರ ರೈಝನ್ 7 7800ಎಕ್ಸ್3ಡಿ ಬರೀ ಎಂಟು ಕೋರ್‌ನ ಚಿಪ್. ಕೋರ್‌ಗಳಿರುವ ತುಂಡಿನ ಮೇಲೆ ಇನ್ನೊಂದು ಪದರ ಕ್ಯಾಶ್ ಮೆಮರಿ ಅಂಟಿಸಿ ಒಟ್ಟು 96 ಎಂಬಿ ಮಾಡಿದ್ದಾರೆ. ಆಟಕ್ಕೆ ಬೇಕಾದ ಮಾಹಿತಿ ಕೈಯಳತೆಯಲ್ಲೇ ಸಿಗುವುದರಿಂದ ಪದೇಪದೇ ರ್‍ಯಾಮ್‌ಗೆ ಓಡಬೇಕಾಗಿಲ್ಲ. ಮೇಲೆ ಪದರ ಕೂತಿರುವುದರಿಂದ ಹೆಚ್ಚು ವೋಲ್ಟೇಜ್ ಕೊಡುವಂತೆಯೂ ಇಲ್ಲ. ಆ ಅಡ್ಡಿಯೇ ಲಾಭವಾಯಿತು. ಬಹಳಷ್ಟು ಆಟಗಳಲ್ಲಿ 14900ಕೆ ಎಳೆಯುವುದರ ಅರ್ಧಕ್ಕೂ ಕಡಿಮೆ ಕರೆಂಟಿನಲ್ಲಿ ಅದರ ಸಮಕ್ಕೆ, ಕೆಲವೊಮ್ಮೆ ಅದಕ್ಕಿಂತ ಮುಂದೆ ಓಡುತ್ತದೆ. ಕಾರವಾರದ ಮೇ ತಿಂಗಳಲ್ಲಿ ಇದು ಬಿಲ್ಲಿನ ವಿಷಯ ಮಾತ್ರ ಅಲ್ಲ. ಚಿಪ್ ತಿಂದ ಕರೆಂಟ್ ಅಷ್ಟೂ ಬಿಸಿಯಾಗಿ ನಿಮ್ಮ ಕೋಣೆಗೇ ಬರುತ್ತದೆ. ಎಷ್ಟೇ ದೊಡ್ಡ ಕೂಲರ್ ಹಾಕಿದರೂ ಅದು ಬಿಸಿಯನ್ನು ಚಿಪ್‌ನಿಂದ ಕೋಣೆಗೆ ಸಾಗಿಸುತ್ತದೆ, ಅಷ್ಟೇ. ಉಪ್ಪುಗಾಳಿಗೆ ಹೆದರಿ ಕಿಟಕಿ ಮುಚ್ಚಿ ಎಸಿ ಹಾಕಿದರೆ, ಆ ಬಿಸಿಯನ್ನು ಹೊರಗೆ ತಳ್ಳುವುದಕ್ಕೆ ಮತ್ತೊಂದಿಷ್ಟು ಕರೆಂಟ್.

ಇಷ್ಟು ಹೊತ್ತು ಹೇಳಿದ್ದು ಚಿಪ್ ಬೆವರು ಸುರಿಸಿ ದುಡಿಯುವಾಗಿನ ಮಾತು. ನಮ್ಮಲ್ಲಿನ ಹೆಚ್ಚಿನ ಕಂಪ್ಯೂಟರ್‌ಗಳು ಹಾಗೆ ದುಡಿಯುವುದೇ ಅಪರೂಪ.

ಒಂದು ಸೊಸೈಟಿ ಕಚೇರಿ ನೋಡಿ. ಬೆಳಿಗ್ಗೆ ಆನ್ ಮಾಡಿದ್ದು ಸಂಜೆಯವರೆಗೆ ಆನ್. ಟ್ಯಾಲಿ, ಬ್ರೌಸರ್, ಒಂದು ಪಿಡಿಎಫ್, ಆಗಾಗ ಪ್ರಿಂಟ್. ಸದಸ್ಯರು ಬಂದು ಅಡಿಕೆ ಧಾರಣೆ ಮಾತಾಡುತ್ತಾ ಕೂತರೆ ಅಷ್ಟು ಹೊತ್ತೂ ಕಂಪ್ಯೂಟರ್ ಸುಮ್ನೆ ಕೂತಿರುತ್ತದೆ. ಇಂಥ ಕಡೆ 253 ವಾಟ್, 148 ವಾಟ್ ಎಲ್ಲ ಲೆಕ್ಕಕ್ಕೆ ಇಲ್ಲ. ಸುಮ್ನೆ ಕೂತಾಗ ಗೋಡೆಯ ಪ್ಲಗ್ಗಿನಿಂದ ಎಷ್ಟು ಎಳೆಯುತ್ತದೆ ಅನ್ನುವುದೇ ಮುಖ್ಯ. ಆ ಸಂಖ್ಯೆಯನ್ನು ಯಾವ ಡಬ್ಬದ ಮೇಲೂ ಬರೆಯುವುದಿಲ್ಲ.

ಇಲ್ಲಿ ಪಂದ್ಯ ತಿರುಗುಮುರುಗಾಗುತ್ತದೆ. ಭಾರೀ ಕೆಲಸದಲ್ಲಿ ಗೆಲ್ಲುವ ರೈಝನ್ 7000, 9000 ಸರಣಿಯ ಡೆಸ್ಕ್‌ಟಾಪ್ ಚಿಪ್‌ಗಳನ್ನು ಬೇರೆ ಬೇರೆ ತುಂಡುಗಳಿಂದ ಜೋಡಿಸಿರುತ್ತಾರೆ. ಕೋರ್‌ಗಳಿರುವ ತುಂಡು ಒಂದು ಕಡೆ, ರ್‍ಯಾಮ್ ಮತ್ತು ಹೊರಗಿನ ಸಂಪರ್ಕ ನೋಡಿಕೊಳ್ಳುವ ತುಂಡು ಇನ್ನೊಂದು ಕಡೆ. ಈ ಎರಡನೆಯದೂ, ಇವೆರಡರ ನಡುವಿನ ಓಡಾಟವೂ ಕೆಲಸವಿಲ್ಲದಾಗಲೂ ಕರೆಂಟ್ ತಿನ್ನುತ್ತಲೇ ಇರುತ್ತವೆ. ಐ3-12100, ಐ5-12400 ಥರದ ಒಂದೇ ತುಂಡಿನ ಇಂಟೆಲ್ ಚಿಪ್‌ಗಳು ಸುಮ್ನೆ ಕೂತಾಗ ನಿಜಕ್ಕೂ ಸುಮ್ನೆ ಇರುತ್ತವೆ. ಎಎಂಡಿಯೇ ಬೇಕು ಅಂದರೆ 5600ಜಿ, 8600ಜಿ ಥರ ಹೆಸರಿನ ಕೊನೆಗೆ ಜಿ ಇರುವವು ಒಂದೇ ತುಂಡಿನವು. ಲ್ಯಾಪ್‌ಟಾಪ್ ಚಿಪ್‌ನ ವಿನ್ಯಾಸವನ್ನೇ ಡೆಸ್ಕ್‌ಟಾಪ್‌ಗೆ ತಂದಿದ್ದಾರೆ. ಕಚೇರಿಗೆ ಇವೇ ಸರಿ.

ಕಂಪ್ಯೂಟರಿನ ಒಳಗೆ ಕರೆಂಟ್ ಹಂಚುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮುಂದೆ ಬೇಕಾದೀತು ಅಂತ 750 ವಾಟ್‌ನ ಎಸ್‌ಎಂಪಿಎಸ್ ಹಾಕಿ, 40 ವಾಟ್ ಕೆಲಸ ಮಾಡಿಸಿದರೆ ಅದರ ದಕ್ಷತೆ ಕುಸಿಯುತ್ತದೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಕಚೇರಿ ಕಂಪ್ಯೂಟರ್‌ಗೆ ಒಳ್ಳೆ ಗುಣಮಟ್ಟದ ಸಣ್ಣದು ಸಾಕು.

ಹಾಗಾದರೆ ಹಳೆಯದೆಲ್ಲ ಎಸೆದು ಹೊಸದು ತಂದರೆ ಬಿಲ್ಲಿನಲ್ಲೇ ದುಡ್ಡು ವಾಪಸ್ ಬರುತ್ತದಾ? ಲೆಕ್ಕ ಮಾಡೋಣ. ಹಳೆ ಕಂಪ್ಯೂಟರ್ ಸುಮ್ನೆ ಕೂತಾಗ 75 ವಾಟ್, ಹೊಸದು 25 ವಾಟ್ ಅಂತ ಹಿಡಿಯಿರಿ. ಉಳಿತಾಯ 50 ವಾಟ್. 1,000 ವಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ಅಂದರೆ 10 ಯೂನಿಟ್. ಹತ್ತು ಕಂಪ್ಯೂಟರ್ ಇದ್ದರೆ 100 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಇಟ್ಟುಕೊಂಡರೆ ವರ್ಷಕ್ಕೆ 8,400 ರೂಪಾಯಿ. ಹತ್ತು ಹೊಸ ಕಂಪ್ಯೂಟರ್‌ಗೆ ತಲಾ 30,000 ಕೊಟ್ಟಿದ್ದರೆ ಅದು ತೀರುವುದಕ್ಕೆ 35 ವರ್ಷಕ್ಕೂ ಹೆಚ್ಚು ಬೇಕು! ಕರೆಂಟ್ ಉಳಿಸುತ್ತದೆ ಅಂತ ಹೇಳಿ ಹೊಸದು ಮಾರಲು ಬಂದರೆ ಈ ಲೆಕ್ಕ ತೋರಿಸಿ ಕಳಿಸಿ. ಹೊಸದು ಹೇಗೂ ಬೇಕೇ ಬೇಕು ಅಂತಾದಾಗ ಮಾತ್ರ, ಯಾವುದು ಅನ್ನುವ ಪ್ರಶ್ನೆಗೆ ಈ 50 ವಾಟ್ ಉತ್ತರ ಕೊಡುತ್ತದೆ.

ಆದರೆ ಮನೆ ಮೀಟರಿನ ಕಥೆ ಬೇರೆ. ಗೃಹಜ್ಯೋತಿಯಲ್ಲಿ ನಿಮ್ಮ 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ (ಹೆಚ್ಚು ಬಳಸುವ ಮನೆಗಳಿಗೆ ಶೇಕಡಾ 10), ಅಷ್ಟು ಯೂನಿಟ್ ಉಚಿತ. ಅದನ್ನು ದಾಟಿದರೆ ಹೆಚ್ಚಿಗೆ ಬಳಸಿದ್ದಕ್ಕೆ ಮಾತ್ರ ದುಡ್ಡು. 200 ಯೂನಿಟ್ ದಾಟಿದಿರೋ, ಪೂರ್ತಿ ಬಿಲ್ ನಿಮ್ಮದೇ. ತಿಂಗಳಿಗೆ 185 ಯೂನಿಟ್ ಸುಡುವ ಮನೆಗೆ ಮಗನ ಗೇಮಿಂಗ್ ಕಂಪ್ಯೂಟರ್ ಬಂತು ಅಂತಿಟ್ಟುಕೊಳ್ಳಿ. ದಿನಕ್ಕೆ 3 ಗಂಟೆ, 400 ವಾಟ್. ತಿಂಗಳಿಗೆ 36 ಯೂನಿಟ್. ಯೂನಿಟ್‌ಗೆ 6 ರೂಪಾಯಿಯಂತೆ ಅದರ ಬೆಲೆ 216 ರೂಪಾಯಿ ಅಷ್ಟೇ. ಆದರೆ ಮೀಟರ್ 221ಕ್ಕೆ ಹೋಯಿತು. ಬಿಲ್ 1,300 ರೂಪಾಯಿ ದಾಟಿತು, ಅದರ ಮೇಲೆ ನಿಗದಿತ ಶುಲ್ಕ. ಅದೇ ಆಟವನ್ನು 7800ಎಕ್ಸ್3ಡಿ ಮತ್ತು ಹದವಾದ ಗ್ರಾಫಿಕ್ಸ್ ಕಾರ್ಡ್ ಹಾಕಿ 250 ವಾಟ್‌ನಲ್ಲಿ ಆಡಿದರೆ ಸುಮಾರು 22 ಯೂನಿಟ್. ಆಗಲೂ 207. ಮಗನಿಗೆ ದಿನಕ್ಕೆ ಎರಡೇ ತಾಸು ಅಂತ ಹೇಳಿದರೆ 200ರಲ್ಲಿ ಬಂದು ನಿಲ್ಲುತ್ತದೆ. ಅಪ್ಪ ಅಮ್ಮಂದಿರಿಗೆ ಬಯ್ಯುವುದಕ್ಕೆ ಒಂದು ಗಟ್ಟಿ ಕಾರಣ ಸಿಕ್ಕಿತು ಬಿಡಿ. ಅಂಗಡಿ, ಕಚೇರಿಗಳ ಮೀಟರಿಗೆ ಈ ಯೋಜನೆ ಇಲ್ಲ.

ಇನ್ನು ಬ್ಯಾಟರಿ. ನನ್ನ ಪ್ರಕಾರ ನಮ್ಮ ಜಿಲ್ಲೆಯಲ್ಲಿ ಪ್ರೊಸೆಸರ್ ಆರಿಸಬೇಕಾದದ್ದು ಇದರ ಮೇಲೆಯೇ.

2020ರಲ್ಲಿ ಊರಿಗೆ ಬಂದು ಅಲ್ಲೇ ಕೆಲಸ ಮುಂದುವರಿಸಿದವರು ಶಿರಸಿ, ಯಲ್ಲಾಪುರ, ಸಿದ್ದಾಪುರದ ಕಡೆ ಬೇಕಾದಷ್ಟು ಮಂದಿ ಇದ್ದಾರೆ. ಅವರ ಮನೆಗಳಲ್ಲಿ 150 ಎಎಚ್‌ನ ಒಂದು ಟ್ಯೂಬುಲಾರ್ ಬ್ಯಾಟರಿ ಸಾಮಾನ್ಯ. 12 ವೋಲ್ಟ್‌ಗೆ 1,800 ವಾಟ್-ಅವರ್. ಪೂರ್ತಿ ಖಾಲಿ ಮಾಡುವ ಹಾಗಿಲ್ಲ, ಇನ್ವರ್ಟರ್ ಕೂಡ ಸ್ವಲ್ಪ ತಿನ್ನುತ್ತದೆ. ಕೈಗೆ ಸಿಗುವುದು 1,000ದ ಆಸುಪಾಸು ಅಂತ ಹಿಡಿಯುವುದು ಕ್ಷೇಮ. ಐ3-12100 ಥರದ ಕಂಪ್ಯೂಟರ್ ಮತ್ತು ಮಾನಿಟರ್ ಸೇರಿ 60 ವಾಟ್, ರೌಟರ್ 10, ಕಡಿಮೆ ಕರೆಂಟಿನ ಬಿಎಲ್‌ಡಿಸಿ ಫ್ಯಾನ್ 30. ಒಟ್ಟು 100. ಹತ್ತು ಗಂಟೆ, ಅಂದರೆ ಒಂದು ಇಡೀ ಕೆಲಸದ ದಿನ. ದೊಡ್ಡ ಚಿಪ್, ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಸುಮ್ನೆ ಕೂತೇ 100 ತಿಂದರೆ ಮಾನಿಟರ್, ರೌಟರ್, ಫ್ಯಾನ್ ಎಲ್ಲ ಸೇರಿ 170. ಆರು ಗಂಟೆಗೆ ಕೆಲಸ ಬಂದ್. ಅದನ್ನು ಜೋರಾಗಿ ದುಡಿಸಿ 450 ವಾಟ್ ಎಳೆದರೆ ಎರಡು ಗಂಟೆಯೂ ಬರುವುದಿಲ್ಲ. ಬ್ಯಾಟರಿಯ ಮೇಲೆ ಬರೆದ 150 ಎಎಚ್ ಇಪ್ಪತ್ತು ಗಂಟೆ ನಿಧಾನವಾಗಿ ಖಾಲಿ ಮಾಡುವ ಲೆಕ್ಕದ್ದು. ಗಡಿಬಿಡಿಯಲ್ಲಿ ಎಳೆದರೆ ಲೆಡ್ ಆ್ಯಸಿಡ್ ಬ್ಯಾಟರಿ ಅಷ್ಟು ಕೊಡುವುದೇ ಇಲ್ಲ.

ಅಂಗಡಿಗಳಲ್ಲಿ ಸಿಗುವ 600 ವಿಎ ಯುಪಿಎಸ್‌ನದ್ದೂ ಇದೇ ಗೋಳು. 600 ಅಂತ ಹೆಸರು, ಸಾಮಾನ್ಯವಾಗಿ ತಡೆದುಕೊಳ್ಳುವುದು 360 ವಾಟ್. 253 ವಾಟ್‌ನ ಚಿಪ್‌ಗೆ ಒಂದು ಗ್ರಾಫಿಕ್ಸ್ ಕಾರ್ಡ್ ಜೊತೆಯಾದರೆ, ಕರೆಂಟ್ ಹೋದ ಕ್ಷಣವೇ ಯುಪಿಎಸ್ ಕೂಡ ಕೀ ಅಂತ ಕೂಗಿ ಆಫ್. ಫೈಲ್ ಉಳಿಸಿಕೊಳ್ಳಲಿ ಅಂತ ಇಟ್ಟಿದ್ದು ಅದೊಂದು ಕೆಲಸವನ್ನೇ ಮಾಡುವುದಿಲ್ಲ.

ಹಾಗಂತ ಸಣ್ಣ ಚಿಪ್ ಯಾವಾಗಲೂ ಮಿತವ್ಯಯದ್ದು ಅಂತಲ್ಲ. ವಿಡಿಯೋ ಮಾಡುವವರನ್ನು ನೋಡಿ. ಇಡೀ ರಾತ್ರಿಯ ಯಕ್ಷಗಾನ, ಮದುವೆ, ಮಾರಿಕಾಂಬಾ ಜಾತ್ರೆ ಅಂತ ನಮ್ಮಲ್ಲಿ ರೆಕಾರ್ಡಿಂಗ್‌ಗೆ ಬರವಿಲ್ಲ. ಅವರಿಗೆ ವಾಟ್ ಒಂದೇ ನೋಡಿದರೆ ಸಾಲದು, ಹೊತ್ತನ್ನೂ ನೋಡಬೇಕು. ಊಹೆಯ ಅಂಕಿ ಇಟ್ಟುಕೊಂಡು ಹೇಳುತ್ತೇನೆ. ಸಣ್ಣ ಚಿಪ್‌ನ ಕಂಪ್ಯೂಟರ್ 110 ವಾಟ್‌ನಲ್ಲಿ 75 ನಿಮಿಷ ತಗೊಂಡರೆ ಸುಮಾರು 137 ವಾಟ್-ಅವರ್. ದೊಡ್ಡದು 200 ವಾಟ್‌ನಲ್ಲಿ ಅರ್ಧ ಗಂಟೆಗೆ ಮುಗಿಸಿದರೆ 100. ಅದೇ ದೊಡ್ಡದಕ್ಕೆ ಬಯೋಸ್‌ನಲ್ಲಿ ಕಡಿವಾಣ ಹಾಕಿ 130 ವಾಟ್‌ಗೆ ನಿಲ್ಲಿಸಿ, 36 ನಿಮಿಷ ಹಿಡಿದರೆ 78. ಆರು ನಿಮಿಷ ಕಾದಿದ್ದಕ್ಕೆ ಐದನೇ ಒಂದು ಭಾಗ ಉಳಿತಾಯ. ಎಎಂಡಿಯಲ್ಲಿ ಇದನ್ನು ಇಕೋ ಮೋಡ್ ಅನ್ನುತ್ತಾರೆ, ಇಂಟೆಲ್ ಬೋರ್ಡ್‌ಗಳಲ್ಲಿ ವಾಟ್ ಮಿತಿಗೆ ಪಿಎಲ್1, ಪಿಎಲ್2 ಅಂತ ಎರಡು ಸಂಖ್ಯೆ ಇರುತ್ತವೆ, ಅಲ್ಲಿ ಇಳಿಸಿದರಾಯಿತು. ದುಡ್ಡು ಕೊಟ್ಟು ದೊಡ್ಡ ಚಿಪ್ ತಂದು ಅದರ ಕೈ ಕಟ್ಟುವುದಾ ಅಂತ ಮುಖ ಸಿಂಡರಿಸುವವರಿದ್ದಾರೆ. ನನಗಂತೂ ದೊಡ್ಡ ಚಿಪ್ ಬಳಸುವ ಸರಿಯಾದ ಕ್ರಮವೇ ಇದು ಅನಿಸುತ್ತದೆ.

ವಿಡಿಯೋದವರಿಗೆ ಇನ್ನೊಂದು ಮಾತು. ಇಂಟೆಲ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿ ವಿಡಿಯೋ ಕುಗ್ಗಿಸುವುದಕ್ಕೇ ಅಂತ ಕ್ವಿಕ್ ಸಿಂಕ್ ಅನ್ನುವ ಬೇರೆ ಭಾಗ ಇದೆ. ಕೋರ್‌ಗಳನ್ನು ದಣಿಸದೆ ಬಹಳ ಕಡಿಮೆ ಕರೆಂಟಿನಲ್ಲಿ ಬೇಗ ಮುಗಿಸುತ್ತದೆ. ಹೆಸರಿನ ಕೊನೆಗೆ ಎಫ್ ಇರುವ ಚಿಪ್‌ಗಳಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಇದೂ ಇಲ್ಲ. ಸ್ವಲ್ಪ ಅಗ್ಗ ಅಂತ 12400ರ ಬದಲು 12400ಎಫ್ ತಗೊಂಡರೆ, ಸುಮ್ನೆ ಕೂತಾಗಲೂ ಕರೆಂಟ್ ತಿನ್ನುವ ಒಂದು ಗ್ರಾಫಿಕ್ಸ್ ಕಾರ್ಡನ್ನು ಬೇರೆ ಹಾಕಲೇಬೇಕು.

ಬ್ಯಾಟರಿ ದೃಷ್ಟಿಯಿಂದ ಎಲ್ಲರನ್ನೂ ಸೋಲಿಸುವುದು ಆ್ಯಪಲ್‌ನ ಎಂ4 ಮ್ಯಾಕ್ ಮಿನಿ. ಸುಮ್ನೆ ಕೂತಾಗ ಇಡೀ ಪೆಟ್ಟಿಗೆ 4 ವಾಟ್, ಗರಿಷ್ಠ 65 ಅಂತ ಆ್ಯಪಲ್ ಹೇಳುತ್ತದೆ. ಟ್ಯಾಲಿ ವಿಂಡೋಸ್‌ಗೆ ಮಾಡಿದ ತಂತ್ರಾಂಶ, ಕಚೇರಿಗೆ ಅದು ಆಗಲಿಕ್ಕಿಲ್ಲ. ಕೋಡ್ ಬರೆಯುವವರು, ವಿಡಿಯೋ ಮಾಡುವವರು ಧಾರಾಳ ನೋಡಬಹುದು. ಇನ್ನೊಂದು ತುದಿಯಲ್ಲಿ ಇಂಟೆಲ್ ಎನ್100 ಇದೆ. 6 ವಾಟ್‌ನ ಚಿಪ್, ನಾಲ್ಕು ಸಣ್ಣ ಕೋರ್. ಬಿಲ್ಲಿಂಗ್ ಕೌಂಟರ್, ಝೆರಾಕ್ಸ್ ಅಂಗಡಿ, ಸಿಸಿ ಕ್ಯಾಮೆರಾ ನೋಡುವುದು, ಇಂಥ ಕೆಲಸಕ್ಕೆ ಬೇಕಾದಷ್ಟಾಯಿತು. ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್ ತೆರೆದಿಡುವವರಿಗೆ ಕೊಟ್ಟರೆ ಮಾತ್ರ ನಿಮ್ಮನ್ನೇ ಬಯ್ಯುತ್ತಾರೆ.

ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಈಗ ಕಂಪನಿಗಳಿಂದ ಹೊರಬಿದ್ದ ಪುಸ್ತಕದಷ್ಟು ದೊಡ್ಡ ಪೆಟ್ಟಿಗೆಗಳು ಸಿಗುತ್ತವೆ. ಅವುಗಳಲ್ಲಿ ಹೆಸರಿನ ಕೊನೆಗೆ ಟಿ ಇರುವ, 35 ವಾಟ್‌ನ ಇಂಟೆಲ್ ಚಿಪ್ ಇರುವುದು ಹೆಚ್ಚು. ಎಂಟನೇ ತಲೆಮಾರು ಅಥವಾ ಮೇಲಿನದು ಅಂತ ಖಾತ್ರಿ ಮಾಡಿಕೊಂಡರೆ ವಿಂಡೋಸ್ 11 ಕೂಡ ನಡೆಯುತ್ತದೆ. 2025ರ ಕೊನೆಗೆ ರ್‍ಯಾಮ್ ಬೆಲೆ ವಿಪರೀತ ಏರಿದ ಮೇಲಂತೂ ರ್‍ಯಾಮ್ ಸಮೇತ ಬರುವ ಇವುಗಳ ಲೆಕ್ಕಾಚಾರ ಇನ್ನೂ ಚೆನ್ನಾಗಿದೆ. ಎಎಂಡಿಯ ಹೊಸ ಎಎಂ5 ಬೋರ್ಡ್‌ಗೆ ಹೊಸ ನಮೂನೆಯ ರ್‍ಯಾಮ್ ಆದ ಡಿಡಿಆರ್5 ಬೇಕೇ ಬೇಕು, ಐ3-12100ಕ್ಕೆ ಹಿಂದಿನ ನಮೂನೆಯ ಡಿಡಿಆರ್4 ಬೋರ್ಡ್ ಸಿಗುತ್ತದೆ. ಹಳೆ ಕಂಪ್ಯೂಟರ್‌ನಲ್ಲಿ ಡಿಡಿಆರ್4 ರ್‍ಯಾಮ್ ಇದ್ದರೆ ಅದನ್ನು ಬಿಚ್ಚಿ ಇಟ್ಟುಕೊಳ್ಳಿ, ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಬೇಡಿ.